ಎತ್ತಿನ ಗೊರಸು ನೋಡುವವರು ಟ್ರ್ಯಾಕ್ಟರಿನ ಟೈರನ್ನೂ ನೋಡಬೇಕು

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಾಗಲಿ, ನಮ್ಮೂರ ಸಂತೆಯಲ್ಲಾಗಲಿ ಎತ್ತು ಕೊಳ್ಳಲು ಹೋದ ರೈತ ಸುಮ್ಮನೆ ಹಣ ಎಣಿಸಿ ಕೊಡುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾನೆ. ರಸ್ತೆಯ ಮೇಲೆ ಗಾಡಿ ಎಳೆಯುವ ಎತ್ತಿಗೆ ಲಾಳ ಕಟ್ಟಿಸಬೇಕು, ಕೆಸರು ಗದ್ದೆಯಲ್ಲೇ ದುಡಿಯುವ ಎತ್ತಿಗೆ ಅದು ಬೇಕಿಲ್ಲ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ರೈತ ಸಾಲ ಮಾಡಿ ಸಣ್ಣ ಟ್ರ್ಯಾಕ್ಟರ್ ಕೊಳ್ಳುವಾಗ ಎಷ್ಟು ಅಶ್ವಶಕ್ತಿ, ಎಷ್ಟು ಸಹಾಯಧನ, ಎಷ್ಟು ಕಂತು ಎಂದು ಕೇಳುತ್ತಾನೆಯೇ ಹೊರತು, ಟೈರು ಯಾವುದು ಎಂದು ಕೇಳುವುದಿಲ್ಲ. ಅಂಗಡಿಯಲ್ಲಿ ನಿಂತಿರುವ ಗಾಡಿಗೆ ಯಾವುದು ಹಾಕಿದೆಯೋ ಅದೇ ಮನೆಗೆ ಬರುತ್ತದೆ.

ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಇಂಜಿನ್ ಎಷ್ಟೇ ಬಲವಾಗಿದ್ದರೂ ಅದರ ಎಳೆತವೆಲ್ಲ ಮಣ್ಣಿಗೆ ತಲುಪುವುದು ಟೈರಿನ ಹಲ್ಲುಗಳ ಮೂಲಕವೇ. ಹಲ್ಲು ಮಣ್ಣನ್ನು ಹಿಡಿಯದಿದ್ದರೆ ಗಾಲಿ ನಿಂತಲ್ಲೇ ಸುತ್ತುತ್ತದೆ, ಡೀಸೆಲ್ ಉರಿಯುತ್ತದೆ, ಕೆಲಸ ಸಾಗುವುದಿಲ್ಲ. ಆದ್ದರಿಂದ ಟೈರನ್ನು ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲೇ ನಿಶ್ಚಯಿಸಬೇಕು. ಅದನ್ನು ನಿಶ್ಚಯಿಸಬೇಕಾದದ್ದು ರೈತನ ಜಮೀನು, ವ್ಯಾಪಾರಿಯ ದಾಸ್ತಾನಲ್ಲ.

ಅಂಕಿಗಳ ಅರ್ಥ

ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಅಂಕಿಗಳನ್ನು ಓದುವುದು ಕಷ್ಟವಲ್ಲ. 8.3-24 ಎಂದಿದ್ದರೆ ಟೈರಿನ ಅಗಲ ಸುಮಾರು 8.3 ಅಂಗುಲ, ಅದು ಕೂರುವ ರಿಮ್ಮಿನ ವ್ಯಾಸ 24 ಅಂಗುಲ ಎಂದರ್ಥ. 18ರಿಂದ 25 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರುಗಳ ಹಿಂಗಾಲಿಗೆ 8.00-18, 8.3-20, 8.3-24 ಮುಂತಾದ ಅಳತೆಗಳು ಬರುತ್ತವೆ. ದೊಡ್ಡ ಟ್ರ್ಯಾಕ್ಟರುಗಳಲ್ಲಿ ನಾವು ಕಾಣುವ 13.6-28 ಇದಕ್ಕಿಂತ ಬಹಳ ಅಗಲ. 6 ಪ್ಲೈ, 8 ಪ್ಲೈ ಎಂಬುದು ಟೈರು ಹೊರಬಲ್ಲ ಭಾರದ ದರ್ಜೆ. ಆರ್-1 ಎಂದರೆ ಸಾಮಾನ್ಯ ಹೊಲದ ಟೈರು. ಆರ್-2 ಎಂದರೆ ಹೆಚ್ಚುಕಡಿಮೆ ಎರಡರಷ್ಟು ಆಳದ ಹಲ್ಲಿರುವ ಕೆಸರು ಗದ್ದೆಯ ಟೈರು. ಇನ್ನು ತಯಾರಾದ ಕಾಲವನ್ನು ತಿಳಿಸುವ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರ. ಹೊಸದೆಂದು ಕೊಟ್ಟ ಟೈರು ಗೋದಾಮಿನಲ್ಲಿ ಎಷ್ಟು ಕಾಲ ಬಿದ್ದಿತ್ತೆಂಬುದನ್ನು ಇದೇ ಹೇಳಿಬಿಡುತ್ತದೆ.

ದೊಡ್ಡ ಟೈರೇ ಬಲವೆಂಬ ಭ್ರಮೆ

ಅಗಲವಾದ ಟೈರು ಹಾಕಿದರೆ ಸಣ್ಣ ಟ್ರ್ಯಾಕ್ಟರಿಗೂ ದೊಡ್ಡದರ ಬಲ ಬರುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಅಗಲವಾದ ಟೈರು ಮೆದು ಮಣ್ಣಿನಲ್ಲಿ ಹೂಳುವುದು ಕಡಿಮೆ ಎಂಬುದು ನಿಜ. ಆದರೆ ನಾವು ಸಣ್ಣ ಟ್ರ್ಯಾಕ್ಟರ್ ಕೊಳ್ಳುವುದೇ ಸಾಲಿನ ನಡುವೆ ಹೋಗಲೆಂದು. ಲೆಕ್ಕ ಹಾಕಿ ನೋಡೋಣ. ಎರಡು ಅಡಿ, ಅಂದರೆ 60 ಸೆಂಟಿಮೀಟರ್ ಅಂತರದ ಮೆಕ್ಕೆಜೋಳದ ಸಾಲಿನಲ್ಲಿ 8.3 ಅಂಗುಲದ ಟೈರು 21 ಸೆಂ.ಮೀ. ಜಾಗ ತೆಗೆದುಕೊಳ್ಳುತ್ತದೆ. ಪೈರಿಗೆ ಎರಡೂ ಕಡೆ 19 ಸೆಂ.ಮೀ. ಉಳಿಯುತ್ತದೆ. ಅದೇ 13.6 ಅಂಗುಲದ ಟೈರಾದರೆ ಉಳಿಯುವುದು ಕೇವಲ 12 ಸೆಂ.ಮೀ. ಸ್ವಲ್ಪ ಕೈ ಜಾರಿದರೂ ಎಡೆ ಹೊಡೆಯಲು ಹೋದದ್ದು ಪೈರು ಹೊಡೆದಂತಾಗುತ್ತದೆ. ಅಲ್ಲದೆ, ಎತ್ತರದ ಗಾಲಿ ಹಾಕಿದರೆ ಅದೇ ಗೇರಿನಲ್ಲಿ ವೇಗ ಹೆಚ್ಚಿ ಎಳೆತ ಕುಗ್ಗುತ್ತದೆ, ಗೇರುಪೆಟ್ಟಿಗೆಯ ಮೇಲೆ ಭಾರ ಬೀಳುತ್ತದೆ.

ಎಡೆ ಹೊಡೆಯುವವರು ಟೈರಿನ ಅಗಲದ ಜೊತೆಗೆ ಗಾಲಿಗಳ ನಡುವಿನ ಅಂತರವನ್ನೂ ನೋಡಬೇಕು. ಒಂದು ಗಾಲಿಯ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಇರುವ ಅಳತೆ ಸಾಲಿನ ಅಂತರಕ್ಕೆ ಸಮವಾಗಿರಬೇಕು, ಇಲ್ಲವೆ ಅದರ ಎರಡರಷ್ಟು ಇರಬೇಕು. ಹಲವು ಟ್ರ್ಯಾಕ್ಟರುಗಳಲ್ಲಿ ರಿಮ್ಮನ್ನು ತಿರುಗಿಸಿ ಹಾಕಿ ಈ ಅಂತರವನ್ನು ಬದಲಾಯಿಸಬಹುದು. ಹಾಗೆ ಮಾಡಿದಾಗ ಎಡದ ಗಾಲಿಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಲು ಮರೆಯಬಾರದು. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೆ ಹಿಂಗಾಲಿಯ ಹಲ್ಲುಗಳ ಬಾಣದ ಮೊನೆ ಮೇಲಕ್ಕೆ ಇರಬೇಕು. ಕೆಳಮುಖವಾಗಿದ್ದರೆ ಟೈರು ಉಲ್ಟಾ ಬಿದ್ದಿದೆ, ಎಳೆತ ಕಡಿಮೆಯಾಗುತ್ತದೆ, ಹಲ್ಲಿನ ಸಂದಿಯಲ್ಲಿ ಮಣ್ಣು ಕಚ್ಚಿಕೊಳ್ಳುತ್ತದೆ.

ಜಮೀನಿಗೆ ತಕ್ಕ ಟೈರು

ಗಂಗಾವತಿ, ಸಿಂಧನೂರು ಭಾಗದ ಭತ್ತದ ಗದ್ದೆಗೆ ಆಳವಾದ ಹಲ್ಲು ಬೇಕು, ಇಲ್ಲವೆ ಕೇಜ್ ವೀಲ್ ಬೇಕು. ಆದರೆ ಆ ಆಳದ ಹಲ್ಲು ಟಾರು ರಸ್ತೆಯ ಮೇಲೆ ಬಳುಕಿ ಬಹುಬೇಗ ಸವೆಯುತ್ತದೆ. ಕೇಜ್ ವೀಲನ್ನಂತೂ ಗದ್ದೆಯ ಬದುವಿನಲ್ಲಿ ಕಟ್ಟಿ ಅಲ್ಲೇ ಬಿಚ್ಚಬೇಕು. ಅದನ್ನು ರಸ್ತೆಗೆ ಇಳಿಸಿ, ಎಲ್ಲರ ದುಡ್ಡಿನಿಂದ ಆದ ಟಾರನ್ನು ಕಿತ್ತು ಹಾಕುವುದು ರೈತನಿಗೆ ಶೋಭೆಯಲ್ಲ.

ಚನ್ನಗಿರಿ, ಶಿವಮೊಗ್ಗ ಕಡೆಯ ಅಡಿಕೆ ತೋಟದ ಮಾತೇ ಬೇರೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಸಣ್ಣ ಟ್ರ್ಯಾಕ್ಟರ್ ಸರಾಗವಾಗಿ ಓಡಾಡುತ್ತದೆ. ಆದರೆ ಅಡಿಕೆಯ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಒದ್ದೆ ತೋಟದಲ್ಲಿ ಗಾಲಿ ಸುತ್ತಿದರೆ ಹಲ್ಲುಗಳು ಆ ಬೇರನ್ನೇ ಕೊಯ್ಯುತ್ತವೆ, ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ. ಇಲ್ಲಿ ಬೇಕಾದದ್ದು ಸಾಧಾರಣ ಹಲ್ಲಿನ ಟೈರು, ಮಿತವಾದ ಗಾಳಿ, ಮತ್ತು ಮಳೆ ನಿಂತು ಹದ ಬರುವವರೆಗೆ ಕಾಯುವ ತಾಳ್ಮೆ. ಗದಗ, ವಿಜಯಪುರದ ಎರೆ ಭೂಮಿಗೂ ಈ ತಾಳ್ಮೆಯ ಮಾತು ಸಲ್ಲುತ್ತದೆ. ಹಸಿ ಎರೆಯಲ್ಲಿ ಯಾವ ಟೈರಿನ ಹಲ್ಲೂ ಮೆತ್ತಿಕೊಂಡು ನುಣ್ಣಗಾಗುತ್ತದೆ.

ಇನ್ನೊಂದು ಸತ್ಯವನ್ನು ನಾವೇ ಒಪ್ಪಿಕೊಳ್ಳಬೇಕು. ಉಳುಮೆಗೆಂದು ತಂದ ಎಷ್ಟೋ ಟ್ರ್ಯಾಕ್ಟರುಗಳು ವರ್ಷದ ಹೆಚ್ಚು ದಿನ ಟ್ರೇಲರ್ ಕಟ್ಟಿಕೊಂಡು ಇಟ್ಟಿಗೆ, ಗೊಬ್ಬರ, ಕಬ್ಬು ಹೊರುತ್ತವೆ. ಅಂಥವರು ಆಳದ ಹಲ್ಲಿಗೆ ಹೆಚ್ಚು ಹಣ ಕೊಡುವುದು ವ್ಯರ್ಥ. ನಮ್ಮ ಗಾಡಿ ನಿಜವಾಗಿ ಎಲ್ಲಿ ಓಡುತ್ತದೆಂದು ಮನೆಯಲ್ಲೇ ಕುಳಿತು ಪ್ರಾಮಾಣಿಕವಾಗಿ ಲೆಕ್ಕ ಹಾಕಿ, ಆಮೇಲೆ ಅಂಗಡಿಗೆ ಹೋಗುವುದು ಒಳಿತು.

ಗಾಳಿ ಮತ್ತು ಸೀಮೆಸುಣ್ಣ

ಒಳ್ಳೆಯ ಟೈರನ್ನು ಆರಿಸಿದರೂ ಗಾಳಿ ತಪ್ಪಿದರೆ ಫಲವಿಲ್ಲ. ಈ ತಪ್ಪನ್ನು ನಾನೂ ಮಾಡಿದ್ದೇನೆ. ರಸ್ತೆಯಲ್ಲಿ ಹಗುರಾಗಿ ಓಡಲೆಂದು ಹಿಂದಿನ ಟೈರಿಗೆ 30 ಪೌಂಡ್ ಗಾಳಿ ತುಂಬಿಸಿ, ಹಾಗೆಯೇ ಕುಂಟೆ ಹೊಡೆಯಲು ಇಳಿದೆ. ಟೈರಿನ ನಡುಭಾಗವಷ್ಟೇ ನೆಲ ಮುಟ್ಟಿ ಗಾಲಿ ಜಾರಿತು. ಒಂದೆರಡು ಹಂಗಾಮಿನಲ್ಲೇ ನಡುವಿನ ಹಲ್ಲುಗಳು ಸವೆದವು. ಟೈರು ಕಳಪೆಯೆಂದು ಬೈದುಕೊಂಡೆ, ತಪ್ಪು ನನ್ನದೇ ಆಗಿತ್ತು. ಸಾಮಾನ್ಯವಾಗಿ ಹೊಲದ ಕೆಲಸಕ್ಕೆ ಹಿಂಗಾಲಿಗೆ 12ರಿಂದ 16 ಪೌಂಡ್ ಸಾಕು. ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದನ್ನೇ ಅನುಸರಿಸಬೇಕು. ಟೈರಿನ ಗಾಳಿ ಹೆಚ್ಚಿದಷ್ಟೂ ಮಣ್ಣಿನ ಮೇಲಿನ ಒತ್ತಡವೂ ಹೆಚ್ಚುತ್ತದೆಂಬುದು ನೆನಪಿರಲಿ.

ಗಾಲಿ ಎಷ್ಟು ಜಾರುತ್ತಿದೆಯೆಂದು ತಿಳಿಯಲು ಒಂದು ಸೀಮೆಸುಣ್ಣ ಸಾಕು. ಹಿಂಗಾಲಿಗೆ ಗುರುತು ಮಾಡಿ, ಹೊಲದಲ್ಲೇ ಉಪಕರಣವನ್ನು ಎತ್ತಿಕೊಂಡು ಗಾಲಿ 10 ಸುತ್ತು ತಿರುಗುವಷ್ಟು ದೂರ ಅಳೆಯಿರಿ. ಅದು 30 ಮೀಟರ್ ಎನ್ನೋಣ. ಈಗ ಉಳುತ್ತಾ 10 ಸುತ್ತು ಅಳೆಯಿರಿ. 26 ಮೀಟರ್ ಬಂದರೆ 4 ಮೀಟರ್ ಜಾರಿದಂತೆ, ಅಂದರೆ ಶೇಕಡಾ 13. ಶೇಕಡಾ 10ರಿಂದ 15ರವರೆಗೆ ಜಾರಿದರೆ ಚಿಂತೆಯಿಲ್ಲ. ಅದನ್ನು ಮೀರಿದರೆ ಮೊದಲು ಗಾಳಿ ನೋಡಬೇಕು, ಆಮೇಲೆ ಟ್ಯೂಬಿಗೆ ಮುಕ್ಕಾಲು ಭಾಗ ನೀರು ತುಂಬಿಸುವ ಯೋಚನೆ ಮಾಡಬೇಕು. ಆದರೆ ರೋಟವೇಟರ್ ಹೊಡೆಯುವವರಿಗೆ ನೀರಿನ ಭಾರ ಬೇಕಾಗುವುದಿಲ್ಲ. ಕೆಸರಿನಲ್ಲಿ ಆ ಭಾರವೇ ಗಾಲಿಯನ್ನು ಹೂಳುತ್ತದೆ.

ನಾಲ್ಕು ಗಾಲಿಗೂ ಎಳೆತವಿರುವ ಟ್ರ್ಯಾಕ್ಟರ್ ಇದ್ದವರು ಇನ್ನೂ ಜಾಗ್ರತೆಯಿಂದಿರಬೇಕು. ಅದರಲ್ಲಿ ಮುಂದಿನ ಮತ್ತು ಹಿಂದಿನ ಟೈರುಗಳ ಸುತ್ತಳತೆಯನ್ನು ಗೇರಿನ ಲೆಕ್ಕಕ್ಕೆ ಹೊಂದಿಸಿರುತ್ತಾರೆ. ಹಿಂದಿನದನ್ನು ಮಾತ್ರ ಬೇರೆ ಅಳತೆಗೆ ಬದಲಾಯಿಸಿದರೆ ಮುಂದಿನ ಗೇರು ಮುರಿಯುವ ಸಂಭವವಿದೆ. ಉಳಿಸಿದ ಟೈರಿನ ಹಣಕ್ಕಿಂತ ಆ ರಿಪೇರಿಯ ಖರ್ಚು ದೊಡ್ಡದು.

ಕೇಳುವುದು ನಮ್ಮ ಹಕ್ಕು

‘ಕಂಪನಿಯಿಂದ ಬಂದದ್ದೇ ಹೀಗೆ’ ಎಂದು ವ್ಯಾಪಾರಿ ಹೇಳಬಹುದು. ಎಲ್ಲ ಅಳತೆಯನ್ನೂ ಸದಾ ದಾಸ್ತಾನಿಡುವುದು ಅವರಿಗೂ ಕಷ್ಟವೆಂಬುದನ್ನು ಒಪ್ಪೋಣ. ಆದರೆ ಮುಂಗಡ ಕೊಟ್ಟು ಒಂದೆರಡು ವಾರ ಕಾಯಲು ಸಿದ್ಧನಿರುವ ರೈತನಿಗೆ, ಆ ಮಾದರಿಗೆ ಒಪ್ಪುವ ಟೈರುಗಳಲ್ಲಿ ಬೇಕಾದದ್ದನ್ನು ತರಿಸಿಕೊಡಲು ತೊಂದರೆಯೇನು? ಬಿಲ್ಲಿನಲ್ಲಿ ಟೈರಿನ ಹೆಸರು, ಅಳತೆ, ಪ್ಲೈ ಬರೆಸಿಕೊಳ್ಳಬೇಕು. ಟೈರಿನ ವಾರಂಟಿ ಸಾಮಾನ್ಯವಾಗಿ ಟೈರು ತಯಾರಕರದ್ದು, ಟ್ರ್ಯಾಕ್ಟರ್ ಕಂಪನಿಯದ್ದಲ್ಲ. ಆದ್ದರಿಂದ ಆ ಕಾಗದವನ್ನು ಬೇರೆಯಾಗಿಯೇ ಕೇಳಿ ಪಡೆಯಬೇಕು. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ಕೊಡುವ ವರದಿಯಲ್ಲಿ ಟೈರಿನ ಅಳತೆಯೂ ಎಳೆತದ ಬಲವೂ ಇರುತ್ತವೆ. ಸಹಾಯಧನ ಕೊಡುವ ಇಲಾಖೆಯವರು ಆ ಒಂದು ಪುಟವನ್ನು ಕನ್ನಡದಲ್ಲಿ ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸಿದರೆ ಎಷ್ಟೋ ಉಪಕಾರವಾದೀತು.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟೈರು, ಟ್ಯೂಬುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಟೈರು ಬದಲಿಸಬೇಕಾದವರು ಆ ಇಳಿತ ತಮ್ಮ ಬಿಲ್ಲಿನಲ್ಲಿ ಕಾಣುತ್ತಿದೆಯೇ ಎಂದು ನೋಡಿಕೊಳ್ಳಲಿ. ಹೊಸದಾಗಿ ಟ್ರ್ಯಾಕ್ಟರ್ ಕೊಳ್ಳುವವರು ಅಂಗಡಿಗೆ ಹೊರಡುವ ಮುನ್ನ ಸಾಲಿನ ಅಂತರ, ಮಣ್ಣಿನ ಜಾತಿ, ರಸ್ತೆಯ ಓಡಾಟ ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ. ಅಶ್ವಶಕ್ತಿಯ ಮಾತು ಅದಾದ ಮೇಲೆ.