ಗಂಟೆಗಳಿಗೆ ಗ್ರಹಗಳ ಒಡೆತನವೇ?

ತಾವೀಝ್ ಬರೆಯಲು ಮುಶ್ತರಿಯ ‘ಸಾಅತ್’, ದಂಪತಿಗಳ ಮನಸ್ಸು ಕೂಡಿಸಲು ಝುಹ್ರಾದ ಸಾಅತ್, ವೈರಿಯ ಬಾಯಿ ಕಟ್ಟಲು ಝುಹಲಿನ ಸಾಅತ್! ರಾಹುಕಾಲದಲ್ಲಿ ನಂಬಿಕೆಯಿಲ್ಲವೆನ್ನುವ ನಮ್ಮವರೇ, ಪಂಚಾಂಗದ ಹೋರೆಗೆ ಅರಬಿ ಹೆಸರಿಟ್ಟು ಕೊಟ್ಟೊಡನೆ ಭಕ್ತಿಯಿಂದ ತಲೆಬಾಗುತ್ತಿರುವುದು ವಿಷಾದಕರ. ಗುರು, ಶುಕ್ರ, ಶನಿಗಳೇ ಮುಶ್ತರಿ, ಝುಹ್ರಾ, ಝುಹಲ್‌ಗಳೆಂಬುದನ್ನು ಇವರಿಗೆ ಯಾರೂ ಹೇಳಲಿಲ್ಲವೆ?

“ಇದು ಬರಿಯ ಗಣಿತ, ಊರಿನ ಸೂರ್ಯೋದಯ ನೋಡಿ ಹಾಕುವ ಲೆಕ್ಕ. ಇದರಲ್ಲಿ ಶಿರ್ಕ್ ಎಲ್ಲಿದೆ?” ಎಂದು ಸಮರ್ಥಿಸುವವರಿದ್ದಾರೆ. ಆ ಗಣಿತವನ್ನೇ ಪರಿಶೀಲಿಸೋಣ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು 12 ಪಾಲು ಮಾಡುತ್ತಾರೆ, ಇರುಳನ್ನೂ ಹಾಗೆಯೇ. ಆದ್ದರಿಂದ ಬೆಂಗಳೂರಿನಲ್ಲಿ ಜೂನ್ ತಿಂಗಳ ಹಗಲಿನ ಒಂದು ‘ಗಂಟೆ’ ಸುಮಾರು 64 ನಿಮಿಷಗಳದ್ದು, ಡಿಸೆಂಬರಿನಲ್ಲಿ ಸುಮಾರು 57 ನಿಮಿಷಗಳದ್ದು. ರೇಖಾಂಶದ ಅಂತರದಿಂದಾಗಿ ಮಂಗಳೂರಿನ ಕೋಷ್ಟಕ ಬೆಂಗಳೂರಿನದಕ್ಕಿಂತ ಸುಮಾರು 11 ನಿಮಿಷ ಹಿಂದೆ ಬೀಳುತ್ತದೆ. ಬಳಿಕ ಶನಿ, ಗುರು, ಕುಜ, ಸೂರ್ಯ, ಶುಕ್ರ, ಬುಧ, ಚಂದ್ರ ಎಂಬ ಸರಣಿಯನ್ನು ಈ ಪಾಲುಗಳ ಮೇಲೆ ಸುತ್ತಿಸುತ್ತಾ ಹೋಗುತ್ತಾರೆ. ಭಾನುವಾರದ ಮೊದಲ ಪಾಲು ಸೂರ್ಯನಿಗೆ ಕೊಟ್ಟರೆ 25ನೆಯದು ಚಂದ್ರನಿಗೆ ಬರುತ್ತದೆ. ಅದೇ ಸೋಮವಾರದ ಮೊದಲ ಪಾಲು. ಎಣಿಕೆ ಅಚ್ಚುಕಟ್ಟಾಗಿದೆ, ಅಲ್ಲಗಳೆಯುವುದಿಲ್ಲ.

ಆದರೆ ಈ ಲೆಕ್ಕದಲ್ಲಿ ಗ್ರಹವೆಲ್ಲಿದೆ? ಮುಶ್ತರಿಯ ಸಾಅತ್‌ನಲ್ಲಿ ಮುಶ್ತರಿ ನೆತ್ತಿಯ ಮೇಲಿದೆಯೋ ಭೂಮಿಯ ಆಚೆ ಮಗ್ಗುಲಲ್ಲಿದೆಯೋ ಎಂದು ಕೋಷ್ಟಕ ಕೇಳುವುದೇ ಇಲ್ಲ. ಅದಕ್ಕೆ ಬೇಕಾದದ್ದು ವಾರದ ಹೆಸರು ಮತ್ತು ಸೂರ್ಯನ ಉದಯಾಸ್ತ ಮಾತ್ರ. ಭೂಮಿಯೇ ನಡುವೆ ನಿಂತಿದೆ, ಏಳು ಗ್ರಹಗಳು ಅದನ್ನು ಸುತ್ತುತ್ತಿವೆ ಎಂದು ನಂಬಿದ್ದ ಕಾಲದ ಸರಣಿ ಇದು. 1781ರಲ್ಲಿ ಯುರೇನಸ್ ಪತ್ತೆಯಾದಾಗ ಅದಕ್ಕೊಂದು ಗಂಟೆ ಕೊಡಲು ಯಾರೂ ಮುಂದಾಗಲಿಲ್ಲ.

“ನಮಾಝಿನ ವೇಳೆಗೂ ಸೂರ್ಯನ ಲೆಕ್ಕವಿದೆಯಲ್ಲ?” ಎಂಬ ಮರುಪ್ರಶ್ನೆ ಬರುತ್ತದೆ. ಖಂಡಿತ ಇದೆ. 14ನೆಯ ಶತಮಾನದಲ್ಲಿ ದಮಾಸ್ಕಸ್‌ನ ಉಮಯ್ಯಾ ಮಸೀದಿಯ ಮುವಖ್ಖಿತರಾಗಿದ್ದ ಇಬ್ನುಶ್ಶಾತಿರ್ ಅಂತಹ ಲೆಕ್ಕದಲ್ಲಿ ಶ್ರೇಷ್ಠರು. ಅವರು ಸೂರ್ಯನನ್ನು ಅಳೆದದ್ದು ಅಲ್ಲಾಹನು ವಿಧಿಸಿದ ಆರಾಧನೆಯ ಹೊತ್ತನ್ನು ತಿಳಿಯಲು. ನೆರಳು ಇಷ್ಟು ಚಾಚಿದಾಗ ಅಸ್ರ್ ಎನ್ನುವುದು ಆಜ್ಞೆಯ ಪಾಲನೆ. ಇಂತಹ ಗಂಟೆಯಲ್ಲಿ ಬರೆದ ಚೀಟಿ ಫಲಿಸುತ್ತದೆ ಎನ್ನುವುದಕ್ಕೆ ಆಜ್ಞೆಯೂ ಇಲ್ಲ, ಅನುಭವದ ಆಧಾರವೂ ಇಲ್ಲ. ಫಲವನ್ನು ಅಲ್ಲಾಹನ ಕೈಯಿಂದ ಕಿತ್ತು ಗ್ರಹಕ್ಕೆ ಒಪ್ಪಿಸುವ ಮಾತಷ್ಟೇ ಇದೆ.

ಕೋಷ್ಟಕವನ್ನು ನಂಬುವವರು ಶುಕ್ರವಾರದ ಸಾಲನ್ನೊಮ್ಮೆ ಓದಲಿ. ಮೊದಲ ಪಾಲು ಝುಹ್ರಾದ್ದು. ಎಣಿಸುತ್ತಾ ಬಂದರೆ ನಡುಹಗಲಿಗೆ ಮುಂಚಿನ ಆರನೆಯದು ಅಶುಭವೆನ್ನಲಾದ ಮಿರ್ರೀಖಿನದು. ವಿಶ್ವಾಸಿಗಳು ಸ್ನಾನ ಮಾಡಿ, ಸುಗಂಧ ಪೂಸಿ ಜುಮುಅಕ್ಕೆ ಹೊರಡುವ ಹೊತ್ತದು. ಮಿರ್ರೀಖಿಗೆ ಹೆದರಿ ಮನೆಯಲ್ಲೇ ಕುಳಿತುಕೊಳ್ಳಬೇಕೆ? ಶುಕ್ರವಾರ ಪ್ರಾರ್ಥನೆ ಸ್ವೀಕೃತವಾಗುವ ಒಂದು ಗಳಿಗೆಯಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅದು ಯಾವುದೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯಗಳಿವೆ. ಅಸ್ರ್ ಬಳಿಕದ ಕೊನೆಯ ಗಳಿಗೆ ಎಂದವರುಂಟು. ಅವರು ಚರ್ಚಿಸಿದ್ದು ಹದೀಸ್‌ಗಳನ್ನು ಮುಂದಿಟ್ಟು, ಗ್ರಹಪಟ್ಟಿ ಹಿಡಿದಲ್ಲ.

ಪುತ್ರ ಇಬ್ರಾಹೀಮರು ತೀರಿಹೋದ ದಿನವೇ ಸೂರ್ಯಗ್ರಹಣವಾಯಿತು. ಆ ದುಃಖಕ್ಕೆ ಆಕಾಶವೂ ಮರುಗಿತೆಂದು ಜನ ಆಡಿಕೊಂಡರು. ಸೂರ್ಯಚಂದ್ರರಿಗೆ ಯಾರ ಸಾವಿಗಾಗಲಿ ಹುಟ್ಟಿಗಾಗಲಿ ಗ್ರಹಣ ಹಿಡಿಯದೆಂದು ಪ್ರವಾದಿವರ್ಯರು(ಸ) ತಿದ್ದಿದರು. ಮಗನನ್ನು ಕಳೆದುಕೊಂಡ ತಂದೆ ಆ ಗಳಿಗೆಯಲ್ಲೂ ಒಪ್ಪದ ಮಾತನ್ನು, ಇಂದು ಕೂಲಿಯ ಹಣ ಗಂಟುಕಟ್ಟಿ ತಂದ ಬಡ ತಾಯಿಯೊಬ್ಬಳಿಗೆ “ನಾಳೆ ಮುಶ್ತರಿಯ ಸಾಅತ್‌ಗೆ ಬಾ, ಅಲ್ಲಿಯವರೆಗೆ ಮಗುವನ್ನು ಆಸ್ಪತ್ರೆಗೆ ಒಯ್ಯಬೇಡ” ಎಂದು ಮಾರುವವರಿದ್ದರೆ, ಜಮಾಅತ್ ಸಮಿತಿಗಳು ಏಕೆ ಸುಮ್ಮನಿರಬೇಕು? ಮಸೀದಿಯ ಗೋಡೆಯಲ್ಲಿ ನಮಾಝಿನ ವೇಳಾಪಟ್ಟಿಯ ಪಕ್ಕ ಸಾಅತ್ ಕೋಷ್ಟಕ ತೂಗುತ್ತಿದ್ದರೆ ಮುಂದಿನ ಜುಮುಅಕ್ಕೆ ಮುನ್ನ ಅದನ್ನು ಕೆಳಗಿಳಿಸಲಿ.