ತಾತನ ಉಸಿರಿಗೆ ಎಷ್ಟು ಆಂಪಿಯರ್?

ಪುಟಾಣಿಗಳೇ, ಒಲೆ, ಹಾಸಿಗೆ, ಪುಟ್ಟ ಫ್ರಿಜ್ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡುವ ಗಾಡಿಗೆ ಕ್ಯಾಂಪರ್‌ವ್ಯಾನ್ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿರುವ ನನ್ನ ಮಗನ ಹತ್ತಿರ ಅಂಥದ್ದೊಂದು ಹಳೆಯ ಗಾಡಿ ಇದೆ. ಅದರಲ್ಲಿ ಬ್ಯಾಟರಿ ಎರಡು. ಎಂಜಿನ್ ಎಬ್ಬಿಸುವ ಬ್ಯಾಟರಿ ಮೂಟೆ ಎತ್ತುವ ಹಮಾಲಿಯಂತೆ. ಒಂದೆರಡು ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುತ್ತದೆ. ಇನ್ನೊಂದು ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರಂತೆ, ನಿಧಾನವಾಗಿ ರಾತ್ರಿಯಿಡೀ ನಡೆಯುತ್ತದೆ. ದೀಪ, ಫ್ರಿಜ್, ನೀರಿನ ಪಂಪು ಎಲ್ಲ ಇದರ ಪಾಲು. ಇದು ಬರಿದಾದರೂ ಬೆಳಿಗ್ಗೆ ಎಂಜಿನ್ ಎದ್ದೇಳಲಿ ಎಂದು ಎರಡನ್ನೂ ಬೇರೆ ಬೇರೆ ಇಟ್ಟಿರುತ್ತಾರೆ.

ನನಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗುವ ತೊಂದರೆ. ನನ್ನ ವಯಸ್ಸಿನ ಓದುಗರಲ್ಲಿ ಕೆಲವರಿಗೆ ಇದು ಗೊತ್ತಿರುತ್ತದೆ. ಮೂಗಿಗೆ ಮುಖವಾಡ ಹಾಕಿ, ಸಿಪ್ಯಾಪ್ ಎಂಬ ಯಂತ್ರದಿಂದ ಗಾಳಿ ತಳ್ಳಿಸಿಕೊಂಡು ಮಲಗಬೇಕು. ಕಳೆದ ಬಾರಿ ಲೇಕ್ ಡಿಸ್ಟ್ರಿಕ್ಟ್‌ಗೆ ಹೋದಾಗ ನಡುರಾತ್ರಿ ಯಂತ್ರ ನಿಂತಿತು. ನಮ್ಮ ಮನೆಯವರು ಬೆಳಗಿನವರೆಗೂ ಎದ್ದು ಕೂತು ನನ್ನ ಉಸಿರು ಎಣಿಸಿದರು. ಆಮೇಲೆ, "ಬ್ಯಾಟರಿ ಸರಿಯಾಗದೆ ಇವರನ್ನು ಈ ಗಾಡಿ ಹತ್ತಿಸಲ್ಲ" ಎಂದು ಮಗನಿಗೆ ಹೇಳಿಬಿಟ್ಟರು.

ಯಂತ್ರ ಏಕೆ ನಿಂತಿತು ಎಂದು ಒಂಬತ್ತು ವರ್ಷದ ಮೊಮ್ಮಗಳು ಲೆಕ್ಕ ಹಾಕಿದಳು. ಬಿಂದಿಗೆಯ ನೀರನ್ನು ಲೀಟರಿನಲ್ಲಿ ಅಳೆಯುವಂತೆ ಬ್ಯಾಟರಿಯನ್ನು ಆಂಪಿಯರ್-ಗಂಟೆಯಲ್ಲಿ ಅಳೆಯುತ್ತಾರೆ. ಫ್ರಿಜ್‌ಗೆ 4 ಆಂಪಿಯರ್ ಬೇಕು, ದಿನಕ್ಕೆ ಒಟ್ಟು 8 ಗಂಟೆ ಓಡುತ್ತದೆ. ಅಂದರೆ 32. ಹೀಟರಿನ ಫ್ಯಾನಿಗೆ 8, ದೀಪಕ್ಕೆ 5, ಫೋನುಗಳಿಗೆ 4, ಪಂಪಿಗೆ 1, ತಾತನ ಯಂತ್ರಕ್ಕೆ 20. ಒಟ್ಟು 70. "ಆದ್ರೆ ತಾತ, ಬ್ಯಾಟರಿ ಮೇಲೆ 100 ಅಂತ ಬರೆದಿದೆಯಲ್ಲಾ!"

ಬರೆದಿರುವುದೇನೋ ನಿಜ. ಆದರೆ ಅದು ಸೀಸ ಮತ್ತು ಆಮ್ಲದ ಬ್ಯಾಟರಿ. ನಿಮ್ಮ ಮನೆಯ ಇನ್ವರ್ಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತಾರಲ್ಲ, ಅದೇ ಜಾತಿ. 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂತೆ ಕಂಡುಹಿಡಿದದ್ದು. ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದು ಬೇಗ ಸಾಯುತ್ತದೆ. ಹಾಗಾಗಿ ಬಳಸಬಹುದಾದದ್ದು 50. ಬೇಕಾದದ್ದು 70. ನಡುರಾತ್ರಿಯ ಕಥೆ ಅಷ್ಟೇ.

ಮಗ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದ. ಹಳೆಯದನ್ನು ಇಳಿಸಲು ಇಬ್ಬರು ಬೇಕಾದರು, ಹೊಸದನ್ನು ಸೊಸೆ ಒಬ್ಬಳೇ ಎತ್ತಿಟ್ಟಳು. ತೂಕ ಅರ್ಧಕ್ಕಿಂತ ಕಡಿಮೆ. ಇದರ ಮೇಲೂ 100 ಎಂದೇ ಬರೆದಿದೆ, ಆದರೆ 80 ಧಾರಾಳವಾಗಿ ಬಳಸಬಹುದು. ಇದರ ಮೂಲವಸ್ತುವಿನ ಬಗ್ಗೆ 1997ರಲ್ಲಿ ಬಂದ ಸಂಶೋಧನಾ ಲೇಖನದಲ್ಲಿ ಮೂರು ಹೆಸರುಗಳಿವೆ: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಮಧ್ಯದ ಹೆಸರು ಕೇಳಿದರೆ ನಮಗೆ ನಂಜನಗೂಡಿನ ತೇರು ನೆನಪಾಗದೆ ಇರುತ್ತದೆಯೇ? ಜಾನ್ ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಬಂತು, ಇನ್ನಿಬ್ಬರ ಜೊತೆ. ಆಗ ಅವರಿಗೆ 97 ವರ್ಷ. ಅಜ್ಜ ಅಜ್ಜಿಯರೇ, ಗಮನಿಸಿ.

ಹಳೆಯದು ತೆಗೆದು ಹೊಸದು ಕೂರಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ಅಸಲು ಕೆಲಸ ಚಾರ್ಜಿಂಗಿನದು. ಓಡುವಾಗ ಎಂಜಿನ್ನಿನ ಆಲ್ಟರ್ನೇಟರ್ ಕರೆಂಟು ತಯಾರಿಸುತ್ತದೆ. ಹಳೆಯ ಏರ್ಪಾಟಿನಲ್ಲಿ ಒಂದು ರಿಲೇ ಎರಡೂ ಬ್ಯಾಟರಿಗಳನ್ನು ಸುಮ್ಮನೆ ಜೋಡಿಸುತ್ತಿತ್ತು. ಸೀಸದ ಬ್ಯಾಟರಿ ಗುಟುಕು ಗುಟುಕಾಗಿ ಕುಡಿಯುತ್ತಿದ್ದರಿಂದ ಅದು ನಡೆಯಿತು. ಲಿಥಿಯಂ ಹಾಗಲ್ಲ, ಹಸಿದ ಕರುವಿನಂತೆ ಕೊಟ್ಟಷ್ಟನ್ನೂ ಎಳೆಯುತ್ತದೆ. ಆಲ್ಟರ್ನೇಟರ್ ಕಾದು ಸುಟ್ಟೇ ಹೋಗಬಹುದು. ಅದಕ್ಕೇ ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್ ರಿಲೇ ಕಿತ್ತು, ಎರಡರ ನಡುವೆ ಒಂದು ಚಾರ್ಜರ್ ಕೂರಿಸಿದರು. ಎಷ್ಟೇ ಹಸಿವಿದ್ದರೂ 30 ಆಂಪಿಯರ್‌ಗಿಂತ ಹೆಚ್ಚು ಕೊಡುವುದಿಲ್ಲ. ಎರಡು ಗಂಟೆ ಗಾಡಿ ಓಡಿಸಿದರೆ 60 ತುಂಬಿತು. ಸೌರ ಫಲಕದ ಕಂಟ್ರೋಲರನ್ನೂ ಮನೆ ಕರೆಂಟಿನ ಚಾರ್ಜರನ್ನೂ ಹೊಸ ಜಾತಿಗೆ ಹೊಂದಿಸಿದರು.

ಕೆಲಸ ಶುರು ಮಾಡುವ ಮುಂಚೆ ಅವರು ಉಂಗುರ, ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡದ್ದು ನನಗೆ ಹಿಡಿಸಿತು. 12 ವೋಲ್ಟ್ ತಾನೇ ಎಂದು ಅಸಡ್ಡೆ ಮಾಡುವವರುಂಟು. ಮುಟ್ಟಿದರೆ ಹೊಡೆಯುವುದಿಲ್ಲ, ನಿಜ. ಆದರೆ ಎರಡು ತುದಿಗಳ ನಡುವೆ ಸ್ಪ್ಯಾನರೋ ಉಂಗುರವೋ ಸಿಕ್ಕಿದರೆ ಕೆಂಪಗೆ ಕಾಯುತ್ತದೆ. ಬ್ಯಾಟರಿಯ ಪಕ್ಕದಲ್ಲೇ ದಪ್ಪ ಫ್ಯೂಸ್ ಹಾಕುವುದೂ ಅದಕ್ಕೇ. ಮಕ್ಕಳೇ, ಲೆಕ್ಕ ನಿಮ್ಮದು, ಸ್ಪ್ಯಾನರ್ ದೊಡ್ಡವರದು.

ಈ ಬ್ಯಾಟರಿಗೆ ಒಂದು ಹಟ ಇದೆ. ಸೊನ್ನೆ ಡಿಗ್ರಿಗಿಂತ ಚಳಿ ಇದ್ದಾಗ ಚಾರ್ಜ್ ಮಾಡಿದರೆ ಕೆಡುತ್ತದೆ. ಒಳಗಿರುವ ಕಾವಲು ಸರ್ಕೀಟು ಆಗ ಬಾಗಿಲು ಮುಚ್ಚುತ್ತದೆ. ಮಗ ಅದನ್ನು ಹೊರಗಿನ ಪೆಟ್ಟಿಗೆಯಲ್ಲಿಡದೆ ಒಳಗೆ, ಸೀಟಿನ ಕೆಳಗೆ ಇಟ್ಟ. ನಾವು ಹೊರಟದ್ದು ಮೇ ತಿಂಗಳಲ್ಲಿ. ವಿಂಡರ್‌ಮಿಯರ್ ಕೆರೆಯ ಹತ್ತಿರ ಬೆಳಗಿನವರೆಗೂ ಯಂತ್ರ ಗುಯ್ ಎನ್ನುತ್ತಿತ್ತು. ನಮ್ಮ ಮನೆಯವರು ನನಗಿಂತ ಜೋರಾಗಿ ಗೊರಕೆ ಹೊಡೆದರಂತೆ. ಮೊಮ್ಮಗಳ ವರದಿ.

ಈಗ ನಿಮ್ಮ ಸರದಿ. ಬ್ಯಾಟರಿಯಲ್ಲಿ ಬಳಸಲು 80 ಇದೆ. ಗಾಡಿ ನಿಂತಲ್ಲೇ ನಿಂತಿದೆ, ಮೋಡದ ನಡುವೆ ಬಿಸಿಲಿನಿಂದ ದಿನಕ್ಕೆ 20 ಮಾತ್ರ ಬರುತ್ತದೆ. ಖರ್ಚು ದಿನಕ್ಕೆ 70. ಎರಡನೆಯ ದಿನ ಎಷ್ಟು ಕೊರತೆ ಬೀಳುತ್ತದೆ? ಅದನ್ನು ಸರಿದೂಗಿಸಲು ಏನೇನು ಆರಿಸುತ್ತೀರಿ? ತಾತನ ಯಂತ್ರವೊಂದನ್ನು ಬಿಟ್ಟು ಹೇಳಿ.