ಎಲ್ಲಿಯ ಮಳೆ, ಎಲ್ಲಿಯ ಹೊಳೆ

ಪ್ರವಾಸದ ಸುಖದಲ್ಲಿ ಅರ್ಧಪಾಲು ಹೊರಡುವ ಮೊದಲೇ ಸಂದಾಯವಾಗಿಬಿಡುತ್ತದೆ. ನಕ್ಷೆಯನ್ನು ಹರಡಿಕೊಂಡು ಕುಳಿತವನಿಗೆ ದಣಿವಿಲ್ಲ, ಬಿಸಿಲಿಲ್ಲ, ಬಾಯಾರಿಕೆಯಿಲ್ಲ. ಬೆರಳನ್ನು ಒಮ್ಮೆ ಸರಿಸಿದರೆ ಬೆಟ್ಟ ಹಿಂದಾಗುತ್ತದೆ, ಇನ್ನೊಮ್ಮೆ ಸರಿಸಿದರೆ ನದಿ. ಮಿಕ್ಕ ಅರ್ಧಪಾಲಿನ ಕಷ್ಟಸುಖವೆಲ್ಲ ಆ ಬೆರಳು ಎಷ್ಟು ವಿವೇಕದಿಂದ ಸರಿಯಿತೆಂಬುದನ್ನೇ ಅವಲಂಬಿಸಿದೆ.

ಕ್ಯಾಲಿಫೋರ್ನಿಯಾದಲ್ಲಿ ನೆಲಸಿರುವ ಕನ್ನಡ ಕುಟುಂಬವೊಂದರಲ್ಲಿ ಅಂಥ ನಕ್ಷೆಯೊಂದು ಊಟದ ಮೇಜಿನ ತುಂಬ ಹರಡಿತ್ತು. ಮೈಸೂರಿನಿಂದ ತಂದೆತಾಯಿ ಬಂದಿದ್ದಾರೆ. ಮೊಮ್ಮಗನಿಗೆ ಜುಲೈ ತಿಂಗಳ ರಜೆ. ಅಮೆರಿಕದ ನೈಋತ್ಯ ಭಾಗದ ಮರುಭೂಮಿಯಲ್ಲಿರುವ ಮಹಾಕಂದರಗಳನ್ನು ಹಿರಿಯರಿಗೆ ತೋರಿಸಬೇಕೆಂಬುದು ಮಗನ ಬಹುದಿನದ ಬಯಕೆ. ಲಾಸ್ ವೇಗಸ್‌ವರೆಗೆ ವಿಮಾನ, ಅಲ್ಲಿಂದ ಬಾಡಿಗೆಯ ಕಾರು. ಜಾಯನ್, ಬ್ರೈಸ್, ಕ್ಯಾಪಿಟಲ್ ರೀಫ್, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್, ಕೊನೆಗೆ ಗ್ರ್ಯಾಂಡ್ ಕ್ಯಾನ್ಯನ್: ಆರು ದಿನಗಳಲ್ಲಿ ಆರು ರಾಷ್ಟ್ರೀಯ ಉದ್ಯಾನಗಳು. ಲೆಕ್ಕ ಎಷ್ಟು ಸೊಗಸಾಗಿತ್ತೆಂದರೆ ಅದರಲ್ಲಿ ತಪ್ಪು ಹುಡುಕುವುದಕ್ಕೇ ಸಂಕೋಚವಾಗಬೇಕು.

ನಿವೃತ್ತ ಉಪಾಧ್ಯಾಯರಾದ ತಂದೆಯವರು ನಕ್ಷೆಯ ಮೇಲೆ ಗೇಣಿಟ್ಟು ನೋಡಿದರು. "ಇದೇನು, ಎಲ್ಲವೂ ಎರಡು ಗೇಣಿನೊಳಗೇ ಇದೆಯಲ್ಲ!" ಎಂದು ಸಂತೋಷಪಟ್ಟರು.

ಗೇಣಿನ ಮಾತು ನೆಲಕ್ಕೆ ಒಪ್ಪಿಗೆಯಾಗುವುದಿಲ್ಲ. ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣದ ಅಂಚಿನಲ್ಲಿ ನಿಂತರೆ ಉತ್ತರದ ಅಂಚು ಕಣ್ಣಿಗೆ ಕಾಣುತ್ತದೆ. ಎರಡು ಕಡೆಯ ಪ್ರವಾಸಿ ನೆಲೆಗಳ ನಡುವೆ ಹಕ್ಕಿಯ ಹಾದಿ ಸುಮಾರು 16 ಕಿಲೋಮೀಟರು. ಕಾರಿನ ಹಾದಿಯಾದರೋ ಸುಮಾರು 340 ಕಿಲೋಮೀಟರು. 446 ಕಿಲೋಮೀಟರು ಉದ್ದದ ಕಂದರವನ್ನು ಸುತ್ತಿ ಬರದೆ ಗತ್ಯಂತರವಿಲ್ಲ. ಮಗನ ಪಟ್ಟಿಯನ್ನು ಹೀಗೆಯೇ ರಸ್ತೆಯ ಅಳತೆಯಿಂದ ಕೂಡಿಸಿದಾಗ ಮೊತ್ತ 1,700 ಕಿಲೋಮೀಟರನ್ನು ಮೀರಿತು. ಆರ್ಚಸ್ ಇರುವ ಮೋಆಬ್ ಪಟ್ಟಣದಿಂದ ಗ್ರ್ಯಾಂಡ್ ಕ್ಯಾನ್ಯನ್ನಿಗೆ ಬರುವುದೊಂದೇ ಸುಮಾರು 500. ಆರು ದಿನಗಳ ಬಹುಪಾಲು ಕಾರಿನ ಗಾಜಿನ ಹಿಂದೆಯೇ ಕಳೆಯುವಂತಿತ್ತು.

ಸೊಸೆಯ ಚಿಂತೆ ಬೇರೆ. ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣದ ಅಂಚು ಸಮುದ್ರಮಟ್ಟದಿಂದ ಸುಮಾರು 2,100 ಮೀಟರು ಎತ್ತರದಲ್ಲಿದೆ, ಅಲ್ಲಿ ಬೇಸಿಗೆಯ ಸಂಜೆ ಹಿತಕರ. ಆದರೆ ನದಿಯ ತಳದಲ್ಲಿ ಜುಲೈ ತಿಂಗಳಿನ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಬೆಟ್ಟ ಹತ್ತುವವನು ದಣಿದರೆ ಇಳಿದು ಬರಬಹುದು. ಕಂದರಕ್ಕೆ ಇಳಿದವನಿಗೆ ಸುಲಭದ ಭಾಗ ಮೊದಲು, ಏರು ಆಮೇಲೆ, ಅದೂ ಸೋತ ಕಾಲಿನಲ್ಲಿ, ಏರುವ ಬಿಸಿಲಿನಲ್ಲಿ. ಒಂದೇ ದಿನದಲ್ಲಿ ನದಿಗೆ ಇಳಿದು ಮರಳಿ ಹತ್ತುವ ಸಾಹಸಕ್ಕೆ ಕೈಹಾಕಬಾರದೆಂದು ಉದ್ಯಾನದ ಅಧಿಕಾರಿಗಳು ಎಚ್ಚರಿಸುತ್ತಾರೆ. ತಲೆಗೆ ದಿನವೊಂದಕ್ಕೆ ನಾಲ್ಕು ಲೀಟರಿನಷ್ಟು ಕುಡಿಯುವ ನೀರು ಜೊತೆಯಲ್ಲಿರಬೇಕು. ಪೆಟ್ರೋಲ್ ಬಂಕು ಕಂಡಲ್ಲಿ ತೊಟ್ಟಿ ತುಂಬಿಸಿಕೊಳ್ಳಬೇಕು. ಇವೆಲ್ಲವನ್ನೂ ಸೊಸೆ ಬರೆದಿಟ್ಟಿದ್ದಳು.

ಮಗನಿಗೆ ಇನ್ನೂ ಒಂದು ಆಸೆಯಿತ್ತು. ಅರಿಜೋನಾದ ಪೇಜ್ ಪಟ್ಟಣದ ಬಳಿ, ನವಾಹೋ ಜನರ ನೆಲದಲ್ಲಿ, ಆಂಟಲೋಪ್ ಎಂಬ ಕಿರುಗಂದರವಿದೆ. ಕೆಲವೆಡೆ ಎರಡು ಗೋಡೆಗಳನ್ನೂ ಕೈಚಾಚಿ ಮುಟ್ಟಬಹುದು. ಮೇಲಿನಿಂದ ಸೋರಿಬರುವ ಬಿಸಿಲಿನಲ್ಲಿ ಮರಳುಗಲ್ಲು ಕೆಂಡದಂತೆ ಬೆಳಗುತ್ತದೆ. ಹಾಗೆಯೇ ಜಾಯನ್ನಿನಲ್ಲಿ, ವರ್ಜಿನ್ ನದಿಯ ನೀರಿನಲ್ಲಿಯೇ ಕಾಲಿಟ್ಟು, ಗೋಡೆಗಳ ನಡುವಿನ ಇಕ್ಕಟ್ಟಿನಲ್ಲಿ ನಡೆಯುವ ಹಾದಿಯೂ ಉಂಟು. ಅಪ್ಪ, ಮಗ ಇಬ್ಬರೂ ಅಲ್ಲಿಗೆ ಹೋಗಿಬರುವುದೆಂದು ನಿಶ್ಚಯವಾಗಿತ್ತು. "ಮೋಡವಿದ್ದರೆ ಹೋಗುವುದಿಲ್ಲಮ್ಮ. ಆಕಾಶ ತಿಳಿಯಾಗಿದ್ದರೆ ಮಾತ್ರ" ಎಂದು ಮಗ ಧೈರ್ಯ ಹೇಳಿದ.

ಅದುವರೆಗೂ ಹುರುಳಿಕಾಯಿ ಬಿಡಿಸುತ್ತ ಕುಳಿತಿದ್ದ ತಾಯಿ ತಲೆಯೆತ್ತಿದರು. "ಆ ನೀರು ಎಲ್ಲಿಂದ ಬರುತ್ತದೆಯೋ?"

"ಮೇಲಿನಿಂದ. ಎಷ್ಟೋ ಮೈಲಿ ದೂರದಿಂದ."

"ಹಾಗಾದರೆ ನಿನ್ನ ತಲೆಯ ಮೇಲಿನ ಆಕಾಶವನ್ನು ನೋಡಿ ಏನು ಬಂತು?"

ಆಕೆಯ ತವರು ಶ್ರೀರಂಗಪಟ್ಟಣ. ಕೊಡಗಿನಲ್ಲಿ ಮಳೆ ಹಿಡಿದು ಕನ್ನಂಬಾಡಿ ತುಂಬಿ ಬಾಗಿಲು ತೆರೆದರೆ, ಶ್ರೀರಂಗಪಟ್ಟಣದ ಸ್ನಾನಘಟ್ಟದ ಮೆಟ್ಟಿಲುಗಳು ಮುಳುಗುತ್ತವೆ. ಊರಿನಲ್ಲಿ ಒಂದು ಹನಿ ಬಿದ್ದಿರುವುದಿಲ್ಲ; ಹಿತ್ತಿಲಲ್ಲಿ ಹಪ್ಪಳ ಒಣಗುತ್ತಿರುತ್ತದೆ. ಹೊಳೆಯ ದಡದಲ್ಲಿ ಬೆಳೆದವರಿಗೆ ಈ ಪಾಠವನ್ನು ಯಾರೂ ಪುಸ್ತಕ ತೆರೆದು ಹೇಳಿಕೊಡಬೇಕಾಗಿಲ್ಲ.

ಮರುಭೂಮಿಯ ಕಂದರದ ಮರ್ಮವೂ ಇದೇ. ಬೋಳು ಬಂಡೆ ನೀರನ್ನು ಹೀರುವುದಿಲ್ಲ. ವಿಶಾಲವಾದ ಬಯಲಿನಲ್ಲಿ ಬಿದ್ದ ಮಳೆಯೆಲ್ಲ ಹರಿದುಬಂದು ಕಿರಿದಾದ ಸೀಳಿನೊಳಕ್ಕೆ ನುಗ್ಗುತ್ತದೆ. ಆ ಸೀಮೆಯಲ್ಲಿ ಗುಡುಗು ಮಳೆಯ ಕಾಲವೂ ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳೇ. 1997ರ ಆಗಸ್ಟ್ 12ರಂದು ಇದೇ ಆಂಟಲೋಪ್ ಕಂದರದಲ್ಲಿ ಹನ್ನೊಂದು ಮಂದಿ ಪ್ರವಾಸಿಗಳು ಕೊಚ್ಚಿಹೋಗಿ ಸತ್ತರು. ಆ ಮಳೆ ಸುರಿದದ್ದು ಮೇಲ್ಗಡೆ, ಹಲವು ಮೈಲಿಗಳಾಚೆ. 2015ರ ಸೆಪ್ಟೆಂಬರಿನಲ್ಲಿ ಜಾಯನ್ನಿನ ಮತ್ತೊಂದು ಇಕ್ಕಟ್ಟಾದ ಸೀಳಿನಲ್ಲಿ ಹಠಾತ್ ಪ್ರವಾಹಕ್ಕೆ ಸಿಕ್ಕು ಏಳು ಮಂದಿ ತೀರಿಕೊಂಡರು. ಈಗ ಆಂಟಲೋಪಿಗೆ ಮಾರ್ಗದರ್ಶಕರಿಲ್ಲದೆ ಪ್ರವೇಶವಿಲ್ಲ. ಜಾಯನ್ನಿನಲ್ಲಿ ಆಯಾ ದಿನದ ಪ್ರವಾಹದ ಸಂಭವವನ್ನು ಮುಂಚಿತವಾಗಿ ಪ್ರಕಟಿಸುತ್ತಾರೆ. ಇಷ್ಟಿದ್ದರೂ ಹೋಗಬೇಕೋ ಬೇಡವೋ ಎಂಬ ತೀರ್ಮಾನ ಪ್ರವಾಸಿಯದೇ. ಅಲ್ಲಿಯವರೆಗೆ ಬಂದು ಬಾಗಿಲಿನಿಂದ ಹಿಂತಿರುಗುವುದು ಯಾರಿಗೂ ಸುಲಭವಲ್ಲ. ಆದ್ದರಿಂದ ಆ ತೀರ್ಮಾನವನ್ನು ಮನೆಯಲ್ಲಿಯೇ, ಮೇಜಿನ ಮುಂದೆಯೇ ಮಾಡುವುದು ಲೇಸು.

ಮಗ ಎರಡು ಸಾಲುಗಳನ್ನು ಹೊಡೆದುಹಾಕಿದ. ಒಮ್ಮೆ ಹೊಡೆಯಲು ತೊಡಗಿದ ಮೇಲೆ ಮುಂದಿನದು ಅಷ್ಟು ಕಷ್ಟವೆನಿಸಲಿಲ್ಲ. ಕ್ಯಾಪಿಟಲ್ ರೀಫ್, ಕ್ಯಾನ್ಯನ್‌ಲ್ಯಾಂಡ್ಸ್ ಹೋದವು. ಆರ್ಚಸ್ ಹೋಗುವಾಗ ಮೊಮ್ಮಗನ ಮುಖ ಬಾಡಿತು. ಎರಡು ಸಾವಿರಕ್ಕೂ ಹೆಚ್ಚು ಕಲ್ಲಿನ ಕಮಾನುಗಳಿರುವ ಜಾಗವದು.

"ದೊಡ್ಡವನಾದ ಮೇಲೆ ನೀನೇ ಹೋಗಿ ನೋಡು. ಕಲ್ಲು ಎಲ್ಲಿಗೆ ಓಡಿಹೋಗುತ್ತದೆ?" ಎಂದರು ತಾತ.

"ಓಡುವುದಿಲ್ಲ ತಾತ, ಬೀಳುತ್ತದೆ! 2008ರಲ್ಲಿ ಒಂದು ದೊಡ್ಡ ಕಮಾನು ಬಿದ್ದೇಹೋಯಿತು."

"ಎರಡು ಸಾವಿರದಲ್ಲಿ ಒಂದು ತಾನೆ?" ಎಂದು ತಾತ ನಕ್ಕರು. ಆದರೂ ತಾವು ಮತ್ತೆ ಇಷ್ಟು ದೂರ ಬರುವುದು ಸಂದೇಹವೆಂಬುದನ್ನು ಆ ಮೇಜಿನ ಸುತ್ತ ಬಲ್ಲವರಲ್ಲಿ ಅವರೇ ಮೊದಲಿಗರು. ಅವರ ಮನಸ್ಸಿನಲ್ಲಿ ನಿಂತದ್ದು ಬೇರೊಂದು ಸಂಗತಿ. 19ನೆಯ ಶತಮಾನದಲ್ಲಿ ಆ ಸೀಮೆಯನ್ನು ಅಳೆದ ಭೂವಿಜ್ಞಾನಿ ಕ್ಲಾರೆನ್ಸ್ ಡಟ್ಟನ್, ಗ್ರ್ಯಾಂಡ್ ಕ್ಯಾನ್ಯನ್ನಿನ ಶಿಖರಗಳಿಗೆ ವಿಷ್ಣು ದೇಗುಲ, ಶಿವ ದೇಗುಲ ಎಂದು ಹೆಸರಿಟ್ಟ. ತಳದ ಕಗ್ಗಲ್ಲಿನ ಪದರಕ್ಕೂ ವಿಷ್ಣುವಿನ ಹೆಸರೇ. ಅದರ ವಯಸ್ಸು ಸುಮಾರು 175 ಕೋಟಿ ವರ್ಷ. ಕೆಳಗಿಳಿಯದೆ, ಅಂಚಿನಲ್ಲಿ ನಿಂತೇ ಆ ಕಲ್ಲನ್ನು ಕಾಣಬಹುದೆಂದು ತಿಳಿದಾಗ, "ನನಗೆ ಅಷ್ಟು ಸಾಕಪ್ಪ" ಎಂದರು.

ಕೊನೆಗೆ ಉಳಿದದ್ದು ಮೂರೇ ಸ್ಥಳ, ಸುಮಾರು 1,300 ಕಿಲೋಮೀಟರು. ಜಾಯನ್ನಿನಲ್ಲಿ ಎರಡು ರಾತ್ರಿ: ಅಲ್ಲಿ ಬೇಸಿಗೆಯಲ್ಲಿ ಕಂದರದೊಳಗೆ ಸ್ವಂತ ಕಾರಿಗೆ ಅವಕಾಶವಿಲ್ಲದೆ ಉದ್ಯಾನದ ಬಸ್ಸೇ ಓಡುವುದರಿಂದ ಹಿರಿಯರಿಗೆ ಅನುಕೂಲ. ಬ್ರೈಸಿನಲ್ಲಿ ಒಂದು ರಾತ್ರಿ, ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲಿ ಎರಡು. ನಾಲ್ಕನೆಯ ದಿನದ ಎದುರಿಗೆ ಸೊಸೆ ಕೆಂಪು ಶಾಯಿಯಲ್ಲಿ ಬರೆದಳು: ಯೂಟಾದಿಂದ ಅರಿಜೋನಾಕ್ಕೆ ದಾಟಿದೊಡನೆ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಹಿಂದೆ, ನವಾಹೋ ನೆಲದಲ್ಲಿ ಪುನಃ ಒಂದು ಗಂಟೆ ಮುಂದೆ, ಅದನ್ನು ದಾಟಿದರೆ ಮತ್ತೆ ಹಿಂದೆ. ಐದನೆಯ ದಿನದ ಎದುರಿಗೆ ಏನನ್ನೂ ಬರೆಯಲಿಲ್ಲ.

"ಅವತ್ತು ಏನು ಮಾಡುವುದು?" ಎಂದು ಮೊಮ್ಮಗ ಕೇಳಿದ.

"ಕುಳಿತು ನೋಡುವುದು" ಎಂದರು ಅಜ್ಜಿ, ಹುರುಳಿಕಾಯಿಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಗುತ್ತ. "ಅದಕ್ಕಾಗಿಯೇ ತಾನೆ ಅಷ್ಟು ದೂರ ಹೋಗುವುದು?"